ಕೆನೆಕೋಳಿ

ಕಂಡಕ್ಟರ್ ಪ್ಲಾಸ್ಟಿಕ್ ಕುರ್ಚಿಗಳನ್ನು ಎರಡೆರಡಾಗಿ ಎತ್ತಿ ಗೇಟಿನ ಹೊರಗೆ ಸಾಲಾಗಿ ಇಡುತ್ತಿದ್ದ. ಸತ್ತವಳ ಗಂಡನೇ ಕುರ್ಚಿ ಹೊರುವುದೇನು ಎಂದು ಬಂದವರು ಕೈ ಹಿಡಿದು ತಡೆದರೂ ಕೇಳಲಿಲ್ಲ. ಒಳಗೆ ಹೋಗಿ ಕೂತರೆ ಹೆಂಡತಿಯ ಮುಖ ನೋಡಬೇಕಾಗುತ್ತಿತ್ತು.

ಸರ್ವಿಸ್ ಪೂರ್ತಿ ಅವನ ಜೊತೆ ಒಂದೇ ಬಸ್ಸಿನಲ್ಲಿದ್ದ ಡ್ರೈವರ್, ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದ. ಇಂಜಿನ್ನಿನ ಪಕ್ಕದಲ್ಲೇ ಆಯುಷ್ಯ ಕಳೆದವನು, ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ.

"ಹೂಂ ಕಣಪ್ಪಾ, ಕೆನೆಕೋಳಿ ಸ್ಟಾಪು. ಬೋರ್ಡಲ್ಲಿ ಹಾಗೆ ಬರೆದಿರಲ್ಲ. ಬಸ್ಸಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಇಳಿದು ಬಲಕ್ಕೆ ಬಾ." ಫೋನನ್ನು ಜೇಬಿಗೆ ಹಾಕಿ ಕಂಡಕ್ಟರನ ಕಡೆ ತಿರುಗಿದ. "ನೋಡಯ್ಯಾ, ನಿನ್ನ ಹೆಂಡ್ತಿ ಹೆಸರಲ್ಲಿ ಒಂದು ಸ್ಟಾಪೇ ಇದೆ. ಯಾವ ಮಂತ್ರಿಗಿದೆ ಈ ಭಾಗ್ಯ?"

ಕೂತಿದ್ದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸಾವಿನ ಮನೆಯಲ್ಲೂ ನಗಿಸುವಂಥ ಅಡ್ಡಹೆಸರು ಅದು. ಇಟ್ಟವನು ಕಂಡಕ್ಟರನೇ. ಅವನೂ ತುಟಿ ಅಗಲಿಸಿ ನಕ್ಕಂತೆ ಮಾಡಿದ.

"ಪಾಪದವಳು ಕಣ್ರೀ," ಎಂದಳು ಬಾಗಿಲಿಗೊರಗಿ ಕೂತಿದ್ದ ಅವನ ದೊಡ್ಡಕ್ಕ. "ಒಂದು ದಿನ ಎದುರು ಮಾತಾಡಿದವಳಲ್ಲ. ಅಡುಗೆ ಒಂದು ಕೈಗೆ ಹತ್ಲಿಲ್ಲ, ಅಷ್ಟೇ. ಖಾರದ ಪುಡಿ ಮಾಡಿ ಡಬ್ಬಿಗಟ್ಟಲೆ ಕೊಟ್ಟೆ. ಡಬ್ಬಿ ಖಾಲಿಯಾಗಿ ಬರ್ತಿತ್ತು, ಇವನ ತಟ್ಟೇಲಿ ಮಾತ್ರ ಅದೇ ಬಿಳೀದು. ಎಲ್ಲಿ ಸುರೀತಿದ್ಳೋ. ನನ್ನ ತಮ್ಮ ಬೇರೆ ಗಂಡಸರ ಹಾಗೆ ತಟ್ಟೆ ಎಸೀಲಿಲ್ಲ, ಸುಮ್ನೆ ತಿಂದ. ಅಲ್ವೇನೋ?"

"ಅದು ಹಾಗಲ್ಲಕ್ಕ" ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

"ಹೂಂ," ಎಂದ ಕಂಡಕ್ಟರ್. ಕುರ್ಚಿ ತರಲು ಮತ್ತೆ ಗೇಟಿನತ್ತ ನಡೆದ.

\*

ಮದುವೆಯಾದ ಹೊಸದರಲ್ಲಿ ಅವನ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಇನ್ನು ಮೇಲೆ ಖಾರ ಮುಟ್ಟಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ಡಿಪೋದಲ್ಲಿ ಡ್ರೈವರುಗಳು ಪಂದ್ಯ ಕಟ್ಟಿ ಹಸಿ ಮೆಣಸಿನಕಾಯಿ ಕಚ್ಚುತ್ತಿದ್ದ ಕಾಲ ಅದು. ಡಾಕ್ಟರ ಹತ್ತಿರದಿಂದ ಬರುವ ದಾರಿಯಲ್ಲಿ ಅವನು ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಯಾರ ಹತ್ರಾನೂ ಬಾಯಿ ಬಿಡಬೇಡ."

ಅವಳಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಹಬೆಗೆ ಬೆರಳ ತುದಿಗಳು ಸುಕ್ಕುಗಟ್ಟಿರುತ್ತಿದ್ದವು. ಮಾರನೆಯ ಸಂಜೆ ಬಂದವಳೇ, ಚಪ್ಪಲಿ ಬಿಟ್ಟ ಕಾಲಲ್ಲೇ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು. ಬೆಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ. ಅದರ ಮೇಲೆ ಮೂಳೆ ಬಿಡಿಸಿದ ಕೋಳಿ ತುಂಡು. ಅಂಚು ಕೆಂಪಗಾಗುತ್ತಲೂ ಒಂದು ಚಮಚ ಹಿಟ್ಟು, ಒಂದಿಷ್ಟು ಹಾಲು. ಕೊನೆಗೆ, ದಿನಾ ಹಾಲಿನ ಮೇಲಿಂದ ತೆಗೆದು ಬಟ್ಟಲಲ್ಲಿ ಕೂಡಿಟ್ಟಿದ್ದ ಕೆನೆಯನ್ನೆಲ್ಲ ಸುರಿದು ಉರಿ ಸಣ್ಣಗೆ ಮಾಡಿದಳು. ಒಂದೇ ಪಾತ್ರೆ, ಒಂದೇ ಸೌಟು. ಅವನು ಯೂನಿಫಾರಂ ಕಳಚಿ ಕೈಕಾಲು ತೊಳೆದು ಬರುವಷ್ಟರಲ್ಲಿ ಅದು ಗುಳುಗುಳು ಎನ್ನುತ್ತಿತ್ತು.

"ಎಷ್ಟು ದಪ್ಪ ಆಯ್ತು ನೋಡಿ, ಗೋಡೆಗೆ ಬಳೀಬಹುದು," ಎಂದು ತನ್ನಷ್ಟಕ್ಕೆ ನಕ್ಕಳು. "ತಿನ್ನಿ. ಹೊಟ್ಟೆಗೆ ಬೆಣ್ಣೆ ಸವರಿದ ಹಾಗಿರತ್ತೆ."

ಹಾಗೇ ಇತ್ತು. ಆ ರಾತ್ರಿ ಅವನು ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದ.

ಉಳಿದದ್ದನ್ನು ಮರುದಿನ ಡಬ್ಬಿಗೆ ಹಾಕಿಕೊಟ್ಟಳು. ಡಿಪೋದಲ್ಲಿ ಡ್ರೈವರ್ ಅದಕ್ಕೆ ಬೆರಳದ್ದಿ ನೆಕ್ಕಿ ಮುಖ ಕಿವುಚಿದ. "ಏನಯ್ಯಾ ಇದು, ಹಲ್ಲು ಬರದ ಕೂಸಿಗೆ ತಿನ್ಸೋದಾ?"

"ಏನ್ ಮಾಡ್ಲಿ ಗುರು, ಕಟ್ಕೊಂಡವಳಿಗೆ ಬರೋದು ಇಷ್ಟೇ. ಕೋಳೀನ ಹಿಡಿದು ಕೆನೇಲಿ ಸ್ನಾನ ಮಾಡಿಸ್ತಾಳೆ."

ಡಿಪೋ ಬಿದ್ದು ಬಿದ್ದು ನಕ್ಕಿತು. ಆ ನಗುವಿನ ರುಚಿ ಹತ್ತಿದವನು ಸುಮ್ಮನಿದ್ದಾನೆಯೇ? ಸಂಜೆ ಅವಳು ಅವನದೇ ಬಸ್ಸು ಹತ್ತಿದ್ದಳು. ಮನೆಯ ಸ್ಟಾಪು ಬಂದಾಗ ಅವನು ಬಾಗಿಲಿಗೆ ಜೋತು ಬಿದ್ದು ರಾಗವಾಗಿ ಕೂಗಿದ: "ಕೆನೆಕೋಳಿ, ಕೆನೆಕೋಳಿ, ಇಳೀರಿ ಇಳೀರಿ." ಡ್ರೈವರ್ ಹಿಂದಕ್ಕೆ ತಿರುಗಿ ಎಲ್ಲರಿಗೂ ಕತೆ ಬಿಡಿಸಿ ಹೇಳಿದ. ಜನರ ಮಧ್ಯೆ ನುಸುಳಿಕೊಂಡು ಅವಳು ಇಳಿದಳು. ಮರುದಿನವೂ ಕೂಗಿದ. ವಾರ ಕಳೆಯುವುದರೊಳಗೆ ಜನರೇ ಆ ಹೆಸರು ಹೇಳಿ ಟಿಕೆಟ್ ಕೇಳತೊಡಗಿದರು.

ಒಂದು ಸಂಜೆ ಅವನ ತಟ್ಟೆಗೆ ಬಡಿಸುತ್ತ ಅವಳೆಂದಳು, "ನಾನು ಯಾರಿಗೂ ಹೇಳಿಲ್ಲ."

ಅಷ್ಟೇ. ಆಮೇಲೆ ಆ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

\*

ಮಣ್ಣು ಮಾಡಿ ಬರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಆಸ್ಪತ್ರೆಯ ಹೆಂಗಸರು ದೊಡ್ಡ ಪಾತ್ರೆಗಳಲ್ಲಿ ಊಟ ತಂದಿದ್ದರು. ಕಂಡಕ್ಟರನ ಹೆಂಡತಿಯ ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದವಳು ಸೆರಗು ಸಿಕ್ಕಿಸಿಕೊಂಡು ಬಡಿಸಲು ನಿಂತಳು.

"ಮುಚ್ಚಳ ತೆಗೆದ್ರೇ ಕೆಮ್ಮು ಬರುತ್ತಲ್ಲೇ," ಎಂದಳು ದೊಡ್ಡಕ್ಕ.

"ನಿಮ್ಮ ಪುಡಿ ರುಚಿ ನಮಗೆಲ್ಲ ಗೊತ್ತು ದೊಡ್ಡಮ್ಮ. ಅಕ್ಕ ನೀವು ಕೊಟ್ಟ ಡಬ್ಬಿ ಸಮೇತ ತಂದು ಮಧ್ಯಾಹ್ನ ಬರೀ ಅನ್ನಕ್ಕೆ ಕಲಸ್ಕೊಂಡು ತಿಂತಿದ್ರು. ಮೂಗಲ್ಲಿ ಕಣ್ಣಲ್ಲಿ ನೀರು, ಆದ್ರೂ ಬಿಡ್ತಿರ್ಲಿಲ್ಲ. ಮನೇಲಿ ತಿನ್ನಬಾರ್ದಾ ಅಂದ್ರೆ, 'ಮನೇಲಿ ಆಗಲ್ಲ ಕಣೇ' ಅಂತಿದ್ರು. ಯಾಕೆ ಅಂದ್ರೆ ಮಾತು ಮರೆಸೋರು."

ದೊಡ್ಡಕ್ಕ ಪಾತ್ರೆಯಿಂದ ಕಣ್ಣು ತೆಗೆದು ಅವಳತ್ತ ತಿರುಗಿದಳು. "ಅಷ್ಟು ಖಾರ ತಿನ್ನೋಳು ಮನೇಲಿ ಯಾಕೆ ಹಾಗೆ ಮಾಡ್ತಿದ್ಳು?"

ಎಲ್ಲರೂ ಕಂಡಕ್ಟರನ ಕಡೆ ನೋಡಿದರು. ಈಗ ಹೇಳಬಹುದಿತ್ತು. ಹೇಳಲು ಎರಡು ಮಾತು ಸಾಕಿತ್ತು. ಬಸ್ಸು ತುಂಬ ಜನರ ಮುಂದೆ ಅಳುಕದೆ ಕೂಗಿದವನು ತಟ್ಟೆಯ ಅಂಚನ್ನು ಬೆರಳಿಂದ ಒರೆಸುತ್ತ ಕೂತ.

"ಇರಲಿ ಬಿಡಿ, ಇವತ್ತು ಅವನನ್ನ ಏನೂ ಕೇಳಬೇಡಿ," ಎಂದ ಡ್ರೈವರ್. "ಹಾಕಮ್ಮಾ ಅವನಿಗೆ. ಇಷ್ಟು ವರ್ಷ ಸಪ್ಪೆ ತಿಂದ ಬಾಯಿ. ಇವತ್ತಾದ್ರೂ ರುಚಿ ಹತ್ತಲಿ."

ಬಿಸಿ ಅನ್ನದ ಮೇಲೆ ಕೆಂಪು ಸಾರು, ಕೋಳಿ ತುಂಡು ಬಿದ್ದವು. ಬೇಡ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಅವನು ಕಲಸಿ ಬಾಯಿಗಿಟ್ಟ. ಗಂಟಲಿನಿಂದ ಕೆಳಗೆ ಬೆಂಕಿ ಇಳಿಯಿತು. ಇನ್ನೊಂದು ತುತ್ತು. ಕಣ್ಣು ತುಂಬಿ ನೀರು ಕೆನ್ನೆಗೆ ಹರಿಯಿತು.

"ಅಳಲಿ, ಸುಮ್ನಿರಿ," ಎಂದು ದೊಡ್ಡಕ್ಕ ಪಿಸುಗುಟ್ಟಿದಳು. "ಬೆಳಗ್ಗೆಯಿಂದ ಕಲ್ಲಿನ ಹಾಗಿದ್ದ."

ಡ್ರೈವರ್ ಅವನ ಬೆನ್ನು ಸವರಿದ. ಅಕ್ಕಪಕ್ಕದವರೂ ಕಣ್ಣೊರೆಸಿಕೊಂಡರು. ಕಂಡಕ್ಟರ್ ತಲೆ ತಗ್ಗಿಸಿ ಮೂರನೆಯ ತುತ್ತು ನುಂಗಿದ. ಎಡಗೈ ತಾನಾಗಿ ಹೊಟ್ಟೆಯನ್ನು ಒತ್ತಿ ಹಿಡಿದಿತ್ತು.

ಇನ್ನಷ್ಟು ಬಡಿಸಲು ಬಗ್ಗಿದ ಇಸ್ತ್ರಿಯವಳು ಆ ಕೈಯನ್ನು ನೋಡಿದಳು. ಆಮೇಲೆ ಅವನ ಮುಖವನ್ನು. ಅವಳ ಸೌಟು ತಟ್ಟೆಯ ಮೇಲೆ ಹಾಗೇ ನಿಂತುಬಿಟ್ಟಿತು. ಅದರ ಅಂಚಿನಿಂದ ಕೆಂಪು ಎಣ್ಣೆ ತೊಟ್ಟು ತೊಟ್ಟಾಗಿ ಬಿಳಿ ಅನ್ನದ ಮೇಲೆ ಬೀಳುತ್ತಿತ್ತು.