ಪದ ಕಟ್ಟಿದವರ ಹೆಸರು

ಸೇಡಂ ಬಸ್ ನಿಲ್ದಾಣದ ಎದುರು ಆಟೋ ನಿಲ್ಲಿಸಿಕೊಂಡಿದ್ದ ಬಾಬುಮಿಯಾ, ರೇವಣಸಿದ್ದ ರಸ್ತೆ ದಾಟಿ ಬರುವುದನ್ನು ಕಂಡವನೇ ಕೈಯೆತ್ತಿ ಕರೆದ. ಇನ್ನೊಂದು ಕೈಯಲ್ಲಿ ಫೋನಿತ್ತು.

"ನೋಡ್ರಿ ರೇವಣಸಿದ್ದಣ್ಣ, ನಿಮ್ಮ ಹಾಡ ಕೇಳೋದೂ ತುಟ್ಟಿ ಆಯ್ತು. ಹಾಡಿನ ಆ್ಯಪಿಗಿ ತಿಂಗಳಿಗಿ ತೊಂಬತ್ತೊಂಬತ್ತು ಇತ್ತು, ಈಗ ನೂರಾ ಮೂವತ್ತೊಂಬತ್ತು ಮಾಡ್ಯಾರ."

"ಅದಕ್ಕ ನಾ ಏನ ಮಾಡ್ಲೋ ಬಾಬು?"

"ನಿಮಗ ಹೇಳದೆ ಯಾರಿಗಿ ಹೇಳ್ಲಿ? ಹಾಡೋರಿಗಿ ಇನ್ನೂ ಛಲೋ ರೊಕ್ಕ ಮುಟ್ಟಲಿ ಅಂತ ರೇಟ್ ಏರಿಸೀವಿ ಅಂತ ಅವರೇ ಬರದಾರ. ಅಂದ್ರ ನಿಮಗ ಬರ್ತದಲ್ಲ? ಬ್ಯಾರೆ ಏನರ ಆಗಿದ್ರ ಬಿಟ್ಟೇ ಬಿಡ್ತಿದ್ದೆ. ನಿಮ್ಮ ಕುರಿಮರಿ ಪದದ ಸಲುವಾಗಿ ಕಟ್ಟೀನಿ ನೋಡ್ರಿ. ದಿನಾ ನಾಕ ಸಲ ಹಚ್ತೀನಿ, ಸೀಟಿನವ್ರೂ ಕೇಳ್ತಾರ."

ರೇವಣಸಿದ್ದ ನಕ್ಕು ಮಾತು ಮರೆಸಿದ. ಆದರೆ ತನ್ನೂರು ಕೋಡ್ಲಾದ ಕಡೆಗೆ ಹೊರಟ ಟಂಟಂ ಗಾಡಿಯಲ್ಲಿ ಕೂತ ಮೇಲೆ ಆ ಮಾತು ಮತ್ತೆ ಮತ್ತೆ ಚುಚ್ಚತೊಡಗಿತು. ಹಾಡು ಆ್ಯಪಿನಲ್ಲಿ ಬಂದು ಎರಡು ವರ್ಷ ಆಗಿತ್ತು. ಅವನಿಗೆ ಅದರಿಂದ ಇಲ್ಲಿಯವರೆಗೆ ಒಂದು ಕಪ್ ಚಹಾದಷ್ಟೂ ಬಂದಿರಲಿಲ್ಲ. ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ತುಂಬುವ ದಿನಗೂಲಿ ಇತ್ತು, ಮನೆಯಲ್ಲಿ ಇಪ್ಪತ್ತು ಕುರಿ ಇದ್ದವು, ಹೊಟ್ಟೆಗೆ ಕೊರತೆ ಇರಲಿಲ್ಲ. ಆದರೂ ಆಟೋ ಓಡಿಸುವವನೊಬ್ಬ ತನ್ನ ಹಾಡಿಗೆಂದು ತಿಂಗಳಿಗೆ ನಲವತ್ತು ರೂಪಾಯಿ ಹೆಚ್ಚು ಕಟ್ಟುತ್ತಾನೆ, ಅದು ನಡುದಾರಿಯಲ್ಲಿ ಎಲ್ಲೋ ಇಂಗಿ ಹೋಗುತ್ತದೆ ಎನ್ನುವುದು ಅವನಿಗೆ ಸಹಿಸಲಾಗಲಿಲ್ಲ. ಯಾರನ್ನಾದರೂ ಹಿಡಿದು ಜಗಳ ಆಡಬೇಕು ಅನಿಸಿತು. ಗೊತ್ತಿದ್ದವನು ಒಬ್ಬನೇ, ಹಾಡು ಮುದ್ರಿಸಿ ಆ್ಯಪಿಗೆ ಏರಿಸಿದ್ದ ವಾಡಿಯ ಅಂಬರೇಶ.

ರೇವಣಸಿದ್ದನದು ಡೊಳ್ಳಿನ ಹಾಡಿನ ಮೇಳ. ಎರಡು ಡೊಳ್ಳು, ಒಂದು ತಾಳ, ಮುಂದೆ ನಿಂತು ಹಾಡಲು ಇವನು. ಎದುರು ಮೇಳದವರು ಹಾಡಿನಲ್ಲೇ ಪ್ರಶ್ನೆ ಒಗೆದರೆ ಹಾಡಿನಲ್ಲೇ ಉತ್ತರ ಕೊಡಬೇಕು. ಒಂದು ಕಾಲಕ್ಕೆ ಚಿಂಚೋಳಿಯಿಂದ ಶಹಾಬಾದಿನವರೆಗೆ ಅವರ ಮೇಳ ಎಂದರೆ ಎದುರಿನವರು ಎರಡು ಸಲ ಯೋಚಿಸುತ್ತಿದ್ದರು. ಅದಕ್ಕೆ ಕಾರಣ ಅವನ ಹಿಂದೆ ಕೂತು ಪದ ಕಟ್ಟಿ ಕಿವಿಯಲ್ಲಿ ಹೇಳುತ್ತಿದ್ದ ಜಗದೇವಿ. ವಯಸ್ಸಿನಲ್ಲಿ ಎಂಟು ವರ್ಷ ದೊಡ್ಡವಳು, ರಕ್ತ ಸಂಬಂಧ ಇಲ್ಲದಿದ್ದರೂ ಇವನಿಗೆ ಅಕ್ಕ. ಎರಡು ವರ್ಷದ ಹಿಂದೆ, ಮರಿ ಪದ ಫೋನುಗಳಲ್ಲಿ ಓಡಾಡತೊಡಗಿದ ಸ್ವಲ್ಪ ದಿನಕ್ಕೇ, ಮೊಣಕಾಲು ನೋವು ಎಂದು ಹೇಳಿ ಅವಳು ಮೇಳ ಬಿಟ್ಟಿದ್ದಳು. ಆಮೇಲೆ ಶಹಾಬಾದಿನ ಹಾಡಿಕೆಯಲ್ಲಿ ಎದುರಿನವರ ಮೂರನೇ ಪ್ರಶ್ನೆಗೆ ಇವನು ಬಾಯಿ ತೆರೆದು ಹಾಗೇ ನಿಂತುಬಿಟ್ಟಿದ್ದ. ಆ ದಿನದಿಂದ ಮೇಳಕ್ಕೆ ಕರೆ ಬರುವುದು ಕಡಿಮೆಯಾಗಿತ್ತು.

ವಾರದ ರಜೆಯ ದಿನ ಪ್ಯಾಸೆಂಜರ್ ಗಾಡಿ ಹಿಡಿದು ವಾಡಿಗೆ ಹೋದ. ಮೊಬೈಲ್ ಅಂಗಡಿಯ ಮಾಳಿಗೆಯ ಮೇಲೆ ಅಂಬರೇಶನ ಸ್ಟುಡಿಯೋ. ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟು ಬಡಿದಿದ್ದ ಸಣ್ಣ ಕೋಣೆ. ಅಂಬರೇಶ ಮದುವೆಯ ವಿಡಿಯೋ ಜೋಡಿಸುತ್ತ ಕೂತಿದ್ದ.

"ಬರ್ರಿ ಮಾಮಾ, ಕುಂದ್ರಿ," ಎಂದ.

"ಕುಂದರಲಿಕ್ಕ ಬಂದಿಲ್ಲ. ಮಂದಿ ರೊಕ್ಕ ಕಟ್ಟಿ ನನ್ನ ಹಾಡ ಕೇಳ್ಲಿಕತ್ತಾರ. ಆ ರೊಕ್ಕ ಎಲ್ಲಿ ಹೋಗ್ಲಿಕತ್ತದ ಹೇಳು."

ಅಂಬರೇಶ ಮುಖ ಸಪ್ಪಗೆ ಮಾಡಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಕಂಪ್ಯೂಟರಿನಲ್ಲಿ ಏನೋ ತೆರೆಯುತ್ತ ಹೇಳಿದ, "ಬ್ಯಾಂಕ್ ಪಾಸ್‌ಬುಕ್ಕಿಂದು ಫೋಟೋ ಕಳಿಸ್ರಿ ಅಂತ ನಿಮಗ ಎಷ್ಟ ಸಲ ಫೋನ್ ಮಾಡೀನಿ ನೆನಪದ ಏನು? ಒಮ್ಮಿ ಕುರಿ ಕಾಯ್ಲಿಕತ್ತೀನಿ ಅಂದ್ರಿ, ಒಮ್ಮಿ ಡ್ಯೂಟ್ಯಾಗ ಅದೀನಿ ಅಂದ್ರಿ. ರೊಕ್ಕ ಎಲ್ಲೂ ಹೋಗಿಲ್ಲ. ನಿಮ್ಮ ಹೆಸರ ಮ್ಯಾಲೇ ಬಿದ್ದದ."

ರೇವಣಸಿದ್ದನ ಏರಿದ ದನಿ ಇಳಿಯಿತು. ನಿಜ, ಮೂರ್ನಾಲ್ಕು ಸಲ ಫೋನ್ ಬಂದಿತ್ತು. ಬ್ಯಾಂಕಿನ ಹೆಸರು ಹೇಳಿ ಮೋಸ ಮಾಡುವವರ ಸುದ್ದಿ ಕೇಳಿದ್ದ ಅವನಿಗೆ ಪಾಸ್‌ಬುಕ್ಕು ಯಾರಿಗೂ ತೋರಿಸುವ ಮನಸ್ಸಿರಲಿಲ್ಲ.

"ಎಲ್ಲರೂ ತಿಂಗಳಿಗಿ ಕಟ್ಟಿದ್ದು ಒಂದೇ ರಾಶಿಗಿ ಬೀಳ್ತದ ಮಾಮಾ," ಅಂಬರೇಶ ವಿವರಿಸಿದ. "ಆ್ಯಪ್ನವ್ರು ತಮ್ಮ ಪಾಲು ತೆಕ್ಕೋತಾರ. ಉಳದಿದ್ದರಾಗ ಯಾರ ಹಾಡ ಎಷ್ಟ ಸಲ ಓಡ್ಯದೋ ಅಷ್ಟು ಅವರ ಬುಟ್ಟಿಗಿ. ರೇಟ್ ಏರಿದ್ರ ರಾಶಿ ಒಂಚೂರು ದೊಡ್ಡದಾಗ್ತದ. ಭಾಳ ಏನಿಲ್ಲ ಬಿಡ್ರಿ. ಒಂದ ಸಲ ಕೇಳಿದ್ರ ಐದಾರು ಪೈಸೆ. ಆದ್ರ ನಿಮ್ಮದು ಆರು ಲಕ್ಷ ಸಲ ಕೇಳ್ಯಾರ."

ಪರದೆಯ ಮೇಲೆ ಮೂವತ್ತೊಂದು ಸಾವಿರ ಚಿಲ್ಲರೆ ಎಂದಿತ್ತು. ರೇವಣಸಿದ್ದ ಕುರ್ಚಿಯ ಮೇಲೆ ಕೂತ. ಹೆಂಡತಿ ಭುವನೇಶ್ವರಿ ಕುರಿದೊಡ್ಡಿಗೆ ತಗಡು ಹೊದಿಸಬೇಕೆಂದು ಹೇಳುತ್ತಿದ್ದದ್ದು ನೆನಪಾಯಿತು. ಖುಷಿಯಲ್ಲಿ ಪಾಸ್‌ಬುಕ್ಕು ತೆಗೆದುಕೊಟ್ಟ. ಈ ಸಲ ಅದನ್ನು ಒಳ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದ. ಅಂಬರೇಶ ಅಂಕಿಗಳನ್ನು ತುಂಬಿ, "ಇದರಾಗ ಹಾಡಿದವರ ಪಾಲು ಬ್ಯಾರೆ, ಪದ ಬರದವರ ಪಾಲು ಬ್ಯಾರೆ. ಎರಡೂ ನಿಮ್ಮದೇ. ಒಮ್ಮಿ ಓದ್ಕೋರಿ, ಕಳಿಸಿಬಿಡ್ತೀನಿ," ಎಂದು ಪರದೆ ತಿರುಗಿಸಿದ.

ಹಾಡಿದವರು: ರೇವಣಸಿದ್ದ. ಪದ ಬರೆದವರು: ರೇವಣಸಿದ್ದ.

ಅವನು ಎರಡನೇ ಸಾಲನ್ನು ಓದಿ, ಮತ್ತೆ ಓದಿದ. ಹಾಡು ಮುದ್ರಿಸಿದ ಸಂಜೆ ನೆನಪಾಯಿತು. ಜಗದೇವಿ ಆ ದಿನ ಬಂದಿರಲಿಲ್ಲ. ಗಾಡಿಗೆ ಹೊತ್ತಾಗುತ್ತಿದೆ ಎಂದು ಅವಸರದಲ್ಲಿದ್ದಾಗ ಅಂಬರೇಶ, ಪದ ಯಾರದು ಎಂದು ಕೇಳಿದ್ದ. ನಮ್ಮ ಮೇಳದ್ದೇ, ನನ್ನ ಹೆಸರೇ ಹಾಕು ಎಂದು ಇವನು ಮೆಟ್ಟಿಲ ಮೇಲೆ ನಿಂತು ಹೇಳಿದ್ದ. ಅವಸರ ಇತ್ತು, ನಿಜ. ಆದರೆ ಹಾಗೆ ಹೇಳುವಾಗ ಒಳಗೆ ಒಂದು ಸಣ್ಣ ಹಿಗ್ಗೂ ಆಗಿತ್ತು. ಅದು ಇವತ್ತು ಸ್ಪಷ್ಟವಾಗಿ ನೆನಪಾಯಿತು.

ಮೊಣಕಾಲು ನೋವು ಎಂದು ಅವಳು ಮೇಳ ಬಿಟ್ಟದ್ದು ಯಾವಾಗ? ಹಾಡು ಬಂದ ಮರುತಿಂಗಳು.

"ಕಳಿಸ್ಲ್ಯಾ ಮಾಮಾ?"

"ನಿಲ್ಲು," ಎಂದ ರೇವಣಸಿದ್ದ. "ಕಳಿಸಬ್ಯಾಡ. ಪದ ನಂದಲ್ಲ."

ಮನೆಗೆ ಬಂದು ಭುವನೇಶ್ವರಿಗೆ ಎಲ್ಲ ಹೇಳಿದ. ಆಕೆ, "ಮಂದಿ ನಿಮ್ಮ ರೊಕ್ಕ ತಿಂದಾರಂತ ಜಗಳಕ್ಕ ಹೋದ್ರಿ. ನೀವೇ ತಿಂದ್ಹಂಗಾಯ್ತಲ್ರಿ," ಎಂದಳು. ಬೈದದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಅದಕ್ಕೇ ಹೆಚ್ಚು ತಾಗಿತು. ಮೂರು ದಿನ ಅವನಿಗೆ ಅನ್ನ ರುಚಿಸಲಿಲ್ಲ. ನಾಲ್ಕನೆಯ ದಿನ ಕಾರ್ಖಾನೆಯ ಒಂದು ದಿನದ ಹಾಜರಿ ಬಿಟ್ಟು, ಜಗದೇವಿಯನ್ನು ಕಾಣಲು ಚಿಂಚೋಳಿ ಬಸ್ಸು ಹತ್ತಿದ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ತಪ್ಪಾಯಿತು ಎನ್ನಬೇಕು. ಬೈದರೆ ಬೈಸಿಕೊಳ್ಳಬೇಕು. ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು ಹೇಳಿ ಬರಬೇಕು. ಮೇಳದಲ್ಲಿ ಸಾವಿರ ಜನರ ಮುಂದೆ ನಿಂತವನು ಚಿಂಚೋಳಿಗೆ ಹೊಂದಿದ ಚಂದಾಪುರದಲ್ಲಿ ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿದ.

ಜಗದೇವಿಯ ಮನೆಯನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ತಹಸೀಲ್ ಕಚೇರಿಯ ಹಿಂದಿನ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಎಲ್ಲಿಂದ ಬರುತ್ತದೆಯೋ ಅದೇ ಮನೆ. ಚಂದಾಪುರದ ಖಾನಾವಳಿಗಳಿಗೆ ಅವಳದೇ ರೊಟ್ಟಿ. ಬಾಗಿಲಲ್ಲಿ ನೆರಳು ಬಿದ್ದಾಗ ತಲೆ ಎತ್ತಿ ನೋಡಿದಳು, ಕೈ ನಿಲ್ಲಿಸಲಿಲ್ಲ.

"ರೇವಣ್ಯಾ ಏನು? ಬಾ. ಒಲ್ಯಾಗಿನ ಕಟಗಿ ಒಂಚೂರು ಮುಂದಕ್ಕ ದೂಡು, ಉರಿ ಸಣ್ಣಾಗ್ಯದ."

ಅವನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಟ್ಟಿಗೆ ದೂಡಿದ. ಬಸ್ಸಿನಲ್ಲಿ ಜೋಡಿಸಿಟ್ಟ ಮಾತೆಲ್ಲ ಮರೆತುಹೋಯಿತು. ಬಂದದ್ದು ಬಂದ ಹಾಗೆ ಹೇಳಿಬಿಟ್ಟ, ಬಾಬುಮಿಯಾನಿಂದ ಹಿಡಿದು ಅಂಬರೇಶನ ಪರದೆಯವರೆಗೆ. "ಅಕ್ಕಾ, ನಿನ್ನ ಪದಕ್ಕ ನನ್ನ ಹೆಸರ ಹಾಕ್ಸಿದ್ದೆ. ತಿಳೀದೆ ಮಾಡ್ದೆ ಅಂತ ಸುಳ್ಳ ಹೇಳಲ್ಲ. ತಪ್ಪಾಯ್ತು."

ಜಗದೇವಿ ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು.

"ನನಗ ಆವಾಗೇ ಗೊತ್ತಾಗಿತ್ತು," ಎಂದಳು. "ರೊಟ್ಟಿ ಕೊಡಲಿಕ್ಕ ಹೋದಾಗ ಖಾನಾವಳ್ಯಾಗ ಹಾಡ ಹಚ್ಚಿದ್ರು. ಹೆಸರ ಏನ ಬರದಾರ ನೋಡಪಾ ಅಂತ ಓದಸ್ದೆ. ನನಗ ಓದಲಿಕ್ಕ ಬರಲ್ಲಲ್ಲ, ಎರಡ ಸಲ ಓದಸ್ದೆ."

"ಅದಕ್ಕೇ ಮ್ಯಾಳ ಬಿಟ್ಟಿ ಹೌದಿಲ್ಲೋ?"

ಅವಳು ರೊಟ್ಟಿ ತಿರುವಿ ಹಾಕಿ, "ಅದೆಲ್ಲ ಇರಲಿ. ಮೂರನೇ ನುಡಿ ಹಾಡು ನೋಡೋಣ," ಎಂದಳು.

"ಈಗ ಏನು?"

"ಹಾಡಂದ್ರ ಹಾಡು."

ರೇವಣಸಿದ್ದ ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಹಾಡಿದ:

*ಸಂತ್ಯಾಗ ಮರಿ ಮಾರಿ ಬಂದೇನೊ*
*ಕೊರಳಾನ ಗೆಜ್ಜಿ ಮರತು ಬಂದೇನೊ*

"ಅಲ್ಲೇ ನಿಲ್ಲು. ಈಗ ನಾಕನೇ ನುಡಿ."

*ಗೆಜ್ಜಿ ಸಪ್ಪಳ ಕೇಳಿ ಓಡಿ ಬಂತೊ ತಾಯಿ*
*ಮರಿ ಎಲ್ಲಿ ಅಂತ ಕೈ ಮೂಸಿ ನೋಡಿತೊ*

ಜಗದೇವಿ ಹಿಟ್ಟಿನ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಅವನನ್ನೇ ನೋಡಿದಳು. "ಗೆಜ್ಜಿ ಸಂತ್ಯಾಗ ಮರತು ಬಂದಿ ಅಂದ್ಮ್ಯಾಲ ಮನ್ಯಾಗ ಸಪ್ಪಳ ಎಲ್ಲಿಂದ ಬಂತೋ?"

ಅವನು ಎರಡೂ ನುಡಿಯನ್ನು ಬಾಯಲ್ಲೇ ಮತ್ತೊಮ್ಮೆ ಗುನುಗಿ ನೋಡಿದ.

"ನಾ ಕಟ್ಟಿದ್ದು 'ಗೆಜ್ಜಿ ಬಿಚ್ಚಿ ತಂದೇನೊ' ಅಂತ. ಮರಿ ಮಾರ್ಯಾನ, ಗೆಜ್ಜಿ ಮಾತ್ರ ಬಿಚ್ಚಿ ಬಗಲಾಗಿನ ಚೀಲದಾಗ ಹಾಕ್ಕೊಂಡ ಬಂದಾನ. ಅದು ಸಪ್ಪಳ ಮಾಡ್ತದ. ಮರಿ ಬಂತು ಅಂತ ತಾಯಿ ಓಡಿ ಬರ್ತದ. ಬಂದು ಕೈ ಮೂಸ್ತದ. ಅದರಾಗ ಅದನೋ ಜೀವಾ! ನೀ ಮರತು ಬಂದೆ ಅಂತ ಹಾಡಿ ಅದರ ಜೀವನೇ ತೆಗದಿ. ಆರು ಲಕ್ಷ ಮಂದಿ ತಪ್ಪ ಕೇಳ್ಯಾರ."

ರೇವಣಸಿದ್ದ ಇಷ್ಟು ವರ್ಷ ಆ ಹಾಡನ್ನು ಹಾಡಿದ್ದ. ಮರಿಗಳನ್ನು ಸಂತೆಗೆ ಒಯ್ದು ಮಾರಿದ್ದ, ಖಾಲಿ ಕೈಯಲ್ಲಿ ದೊಡ್ಡಿಗೆ ಬಂದಾಗ ತಾಯಿಕುರಿ ಬಂದು ಕೈ ಮೂಸಿದ್ದೂ ಅವನಿಗೆ ಗೊತ್ತಿತ್ತು. ಆದರೂ ಆ ಗೆಜ್ಜೆ ಏಕೆ ಬೇಕು ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಈಗ ಆ ನಾಲ್ಕು ಸಾಲು ಮೊದಲ ಸಲ ಕೇಳಿದಂತಾಗಿ ಕಣ್ಣು ತುಂಬಿತು. ಒಲೆಯ ಹೊಗೆ ಎಂದುಕೊಳ್ಳಲಿ ಎಂದು ಮುಖ ತಿರುಗಿಸಿದ.

"ಹೆಸರಿನ ಸಿಟ್ಟು ಒಂದ ವಾರ ಇತ್ತು," ಜಗದೇವಿ ಮತ್ತೆ ಹಿಟ್ಟು ನಾದತೊಡಗಿದಳು. "ಆ ನುಡೀದು ಸಿಟ್ಟು ಇನ್ನಾ ಹೋಗಿಲ್ಲ ನೋಡು. ನೀ ಬಂದು ಕೇಳ್ತಿ, ಆವಾಗ ಹೇಳ್ಬೇಕು ಅಂತ ಕಾದೆ. ನೀ ಬರಲೇ ಇಲ್ಲ. ಮೊಣಕಾಲು ಹೆಂಗದ ಅಂತ ಕೇಳಲಿಕ್ಕೂ ಬರಲಿಲ್ಲ."

"ಬರಬೇಕಿತ್ತು ಅಕ್ಕಾ."

"ಬರಬೇಕಿತ್ತು. ಈಗ ಬಂದೀದಿ, ಆಯ್ತು."

ಅಷ್ಟೇ. ಅವನು ಮೂರು ದಿನದಿಂದ ಎದೆಯಲ್ಲಿ ಹೊತ್ತು ತಿರುಗಿದ್ದ ಭಾರ ಆ ಒಂದು "ಆಯ್ತು"ವಿನಲ್ಲಿ ಇಳಿಯಿತು. ಬೆನ್ನು ತಾನಾಗಿ ಗೋಡೆಗೆ ಒರಗಿತು.

ಪದ ಬರೆದವರ ಪಾಲು ಪೂರ್ತಿ ನಿನ್ನದು ಎಂದು ಅವನು ಹೇಳಿದಾಗ ಅವಳು ಸಂಕೋಚ ಮಾಡಲಿಲ್ಲ. "ಬ್ಯಾಡ ಅನ್ನಲ್ಲ ನಾ. ಪದ ಕಟ್ಟೀನಿ, ತಗೋತೀನಿ. ಆದ್ರ ನಿನ್ನ ಪಾಲಿನಾಗೂ ಡೊಳ್ಳಿನವರಿಗಿ, ತಾಳದವನಿಗಿ ಕೊಡಬೇಕು. ಅವರೇನು ಪುಕ್ಕಟೆ ಬಡದಾರೇನು? ಹೆಸರೂ ಹಾಕ್ಸು."

ರೇವಣಸಿದ್ದ ಅಲ್ಲಿಂದಲೇ ಅಂಬರೇಶನಿಗೆ ಫೋನ್ ಹಚ್ಚಿದ. ಹೆಸರು ತಿದ್ದಿದರೆ ಆ್ಯಪಿನವರು ಹಾಡನ್ನೇ ತೆಗೆದುಬಿಡುತ್ತಾರೇನೋ ಎಂಬ ಅಂಜಿಕೆ ಅವನಿಗಿತ್ತು. ಅಂಬರೇಶ ನಕ್ಕ. ಬರೆಸಿದವರೇ ತಿದ್ದಿಸಿದರೆ ಅಡ್ಡಿಯೇನಿಲ್ಲ, ಜಗದೇವಿಯ ಒಪ್ಪಿಗೆಯ ಒಂದು ಕಾಗದ ಬೇಕು, ಹೆಬ್ಬೆಟ್ಟು ಆದರೂ ನಡೆಯುತ್ತದೆ ಎಂದ. ಮೂರನೇ ನುಡಿ ತಪ್ಪಾಗಿದೆ ಎಂದಾಗ, ಬಂದು ಮತ್ತೆ ಹಾಡಿರಿ, ಅದನ್ನೂ ಏರಿಸೋಣ, ಈ ಸಲ ಸ್ಟುಡಿಯೋ ಬಾಡಿಗೆ ಬೇಡ ಎಂದ.

ಹದಿನೈದು ದಿನಕ್ಕೆ ಮೇಳ ಪೂರ್ತಿ ವಾಡಿಗೆ ಹೋಯಿತು. ಚಿತ್ತಾಪುರದಲ್ಲಿ ಡೊಳ್ಳಿನವರು ಹತ್ತಿಕೊಂಡರು. ಅಂಬರೇಶನ ಮೆಟ್ಟಿಲು ಹತ್ತುವಾಗ ಜಗದೇವಿ ನಡುವೆ ಎರಡು ಸಲ ನಿಂತಳು. ರೇವಣಸಿದ್ದ ಕೈ ಕೊಟ್ಟ.

"ಮೊಣಕಾಲು ಸುಳ್ಳಲ್ಲ ಮತ್ತ," ಎಂದಳು ಏದುಸಿರಿನಲ್ಲೇ. "ಖರೇನೇ ನೋಯ್ತದ."

ಅಂದು ಸ್ಟೇಶನ್ನಿನ ಗೂಡ್ಸ್ ಗಾಡಿಗಳ ಸದ್ದಿಗೆ ನಾಲ್ಕು ಸಲ ನಿಲ್ಲಿಸಿ ಐದನೇ ಸಲಕ್ಕೆ ಹಾಡು ಕೂಡಿಬಂತು. ಜಗದೇವಿ ಕಣ್ಣು ಮುಚ್ಚಿ ಕೇಳಿದಳು. ಕೊನೆಯ ನುಡಿ ಮುಗಿದಾಗ ಏನೂ ಹೇಳದೆ ಸೆರಗಿನಿಂದ ಮುಖ ಒರೆಸಿಕೊಂಡಳು. ತಪ್ಪು ಹುಡುಕಲಿಲ್ಲ ಎಂದರೆ ಒಪ್ಪಿದಳೆಂದೇ ಅರ್ಥ, ಅದು ಮೇಳದವರಿಗೆಲ್ಲ ಗೊತ್ತು. ಡೊಳ್ಳಿನವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಮರಳುವ ಗಾಡಿಯಲ್ಲಿ ಕಿಟಕಿಯ ಬಳಿ ಜಾಗ ಸಿಕ್ಕಿತು. ಜಗದೇವಿ ತಂದ ಬುತ್ತಿ ಬಿಚ್ಚಿದಳು. ಖಡಕ್ ರೊಟ್ಟಿ, ಶೇಂಗಾದ ಖಾರದ ಹಿಂಡಿ, ಹಸಿ ಉಳ್ಳಾಗಡ್ಡಿ. ರೇವಣಸಿದ್ದ ಒಂದು ತಿಂದ, ಎರಡು ತಿಂದ, ಮೂರನೆಯದಕ್ಕೆ ಕೈ ಚಾಚಿದ. ಮುಂದಿನ ತಿಂಗಳು ಶಹಾಬಾದಿನಲ್ಲಿ ಮತ್ತೆ ಹಾಡಿಕೆ ಇದೆ, ಬರುತ್ತೀಯಾ ಎಂದು ಕೇಳಿದ.

"ಕುರ್ಚಿ ಹಾಕಿಸ್ತಿ ಅಂದ್ರ ಬರ್ತೀನಿ. ನೆಲದ ಮ್ಯಾಲ ಕುಂದರಲಿಕ್ಕ ಆಗಲ್ಲ," ಎಂದಳು ಜಗದೇವಿ, ಮತ್ತೊಂದು ರೊಟ್ಟಿ ಅವನ ಕೈಗೆ ಇಡುತ್ತ.