ಗೋಡೆಯ ಮೇಲಿನ ಬೈಲು

ತಿಂಗಳುಗಟ್ಟಲೆ ಮೂಕರಾಗಿದ್ದ ನಮ್ಮವರು ಕೊನೆಗೂ ಬಾಯಿಬಿಟ್ಟಾಗ ನಾನು ಮನೆಯಲ್ಲಿರಲಿಲ್ಲ. ಡೊಂಬಿವಲಿ ಮಾರ್ಕೆಟ್ಟಿನಲ್ಲಿ ಬಸಳೆಗೆ ಚೌಕಾಸಿ ಮಾಡುತ್ತಿದ್ದೆ. ಇದ್ದಿದ್ದರೆ ಅಷ್ಟು ರಾದ್ಧಾಂತ ಆಗುತ್ತಲೇ ಇರಲಿಲ್ಲ.

ನಮ್ಮವರೆಂದರೆ ನನ್ನ ಗಂಡ ಜಯಶೀಲ. ಹೋಟೆಲಿನ ಗಲ್ಲಾದಲ್ಲಿ ಕೂತು ಕನ್ನಡ, ಮರಾಠಿ, ಹಿಂದಿ ಎಲ್ಲದರಲ್ಲೂ ದಿನವಿಡೀ ಮಾತಾಡಿದವರು. ಹೋಳಿಯ ಹೊತ್ತಿಗೆ ಲಕ್ವ ಹೊಡೆದು ಬಲಗೈಯೂ ಹೋಯಿತು, ಮಾತೂ ಹೋಯಿತು. ಕೈ ಅಷ್ಟಿಷ್ಟು ಚೇತರಿಸಿಕೊಂಡಿತು, ಮಾತು ಬರಲಿಲ್ಲ. ಮಾತು ಕಲಿಸಲು ಬರುತ್ತಿದ್ದ ಡಾಕ್ಟರಮ್ಮ ಆನೆ, ಬಸ್ಸು, ಬಾಳೆಹಣ್ಣಿನ ಚಿತ್ರ ತೋರಿಸಿ ತೋರಿಸಿ ಸೋತಳು. "ಇವರಿಗೇ ಮನಸ್ಸಿಲ್ಲ ಆಂಟಿ. ತಾವಾಗಿ ಏನಾದರೂ ಕೇಳಬೇಕು. ಹೀಗೇ ಸುಮ್ಮನಿದ್ದುಬಿಟ್ಟರೆ ಮಾತು ಪೂರ್ತಿ ಮರೆತುಹೋಗುತ್ತದೆ" ಎಂದಳು.

ಆ ದಿನ ಚೀಲ ಹೊತ್ತು ಬಾಗಿಲು ತೆರೆದರೆ ಒಳಗೆ ಗಲಾಟೆ. ಇವರನ್ನು ನೋಡಿಕೊಳ್ಳುವ ಅಂಬಾದಾಸ ಬೆಡ್‌ಪ್ಯಾನ್ ಹಿಡಿದು ನಿಂತಿದ್ದ.

"ಅಕ್ಕಾರ, ಸೇಠ್ರು ಮಾತಾಡ್ಯಾರ್ರಿ. ಬೈಲು, ಬೈಲು ಅಂತಾರ. ಬೈಲಕಡಿ ಬಂದೈತೇನೋ ಅಂತ ಇದನ್ನ ಇಟ್ರ ಒದೀತಾರ."

ಅವನು ವಿಜಯಪುರದ ಕಡೆಯವನು. ಅಲ್ಲಿ ಬಯಲಿಗೆ ಹೋಗುವುದೆಂದರೆ ಯಾತಕ್ಕೆ ಎಂದು ಬಿಡಿಸಿ ಹೇಳಬೇಕಿಲ್ಲ.

"ನಹೀ ಮಮ್ಮಿ, ಬೈಲ್ ಬೋಲಾ ಪಪ್ಪಾನೇ" ಎಂದಳು ನಮ್ಮ ದಿಶಾ. ಮಹಾಪೆಯಲ್ಲಿ ಕೆಲಸ ಮಾಡುವ ಮಗಳು. ಇಲ್ಲೇ ಹುಟ್ಟಿದವಳಿಗೆ ಮರಾಠಿಯ ಬೈಲು, ಅಂದರೆ ಎತ್ತು, ಒಂದೇ ಗೊತ್ತು. ಅಪ್ಪನ ಮೂಗಿನೆದುರು ಮೊಬೈಲ್ ಹಿಡಿದು ಎತ್ತಿನಗಾಡಿ ಓಟದ ವಿಡಿಯೋ ತೋರಿಸುತ್ತಿದ್ದಳು. ಇವರು ಕಣ್ಣುಮುಚ್ಚಿ ಗೋಡೆಯ ಕಡೆ ಹೊರಳಿಬಿಟ್ಟಿದ್ದರು.

ನನಗೆ ನಗು ಬಂತು. ಮರುಕ್ಷಣವೇ ಅಳುವೂ ಬಂತು. "ಎತ್ತೂ ಅಲ್ಲ, ಮಣ್ಣೂ ಅಲ್ಲ ಮಾರಾಯ್ರೇ, ಬೈಲು ಅಂದ್ರೆ ನಮ್ಮ ಮಂಗಳೂರು ಕಡೆ ಗದ್ದೆ. ಅವರ ಊರಿನ ಭತ್ತದ ಗದ್ದೆ" ಎಂದೆ. ಇವರು ಕಣ್ಣು ತೆರೆದು ನನ್ನನ್ನೇ ನೋಡಿದರು. ನೋಡಿದರು ಅಷ್ಟೇ, ಮತ್ತೆ ಮಾತಿಲ್ಲ. ಕೇಳಿದ್ದು ಸಿಗಲಿಲ್ಲವಲ್ಲ, ಯಾಕೆ ಮಾತಾಡಬೇಕು?

ಗದ್ದೆಯನ್ನು ಎರಡನೇ ಮಾಳಿಗೆಗೆ ತರುವುದು ಹೇಗೆ ಎಂದು ಬೇರೆಯವರಾದರೆ ತಲೆ ಕೆಡಿಸಿಕೊಳ್ಳುತ್ತಿದ್ದರು. ನಾನು ರಿಟೈರ್ ಆಗುವವರೆಗೂ ಡ್ರಾಯಿಂಗ್ ಟೀಚರ್. ನಿಸರ್ಗಚಿತ್ರ ಬರೆಯಿರಿ ಎಂದರೆ ಸಾಕು, ಎರಡು ತ್ರಿಕೋನ ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು ಗೀಚುವ ಮಕ್ಕಳೊಂದಿಗೆ ಜೀವನವಿಡೀ ಜಗಳವಾಡಿದವಳು. ಹೊರಗೆ ಹೋಗಿ ನೋಡಿ ಬರೆಯಿರಿ ಎಂದು ಗಂಟಲು ಹರಿದುಕೊಂಡವಳು. ಇವರ ಮಂಚದೆದುರಿನ ಖಾಲಿ ಗೋಡೆಯನ್ನು ಆಗಲೇ ಆರಿಸಿಕೊಂಡೆ. ಅಲ್ಲಿ ಎಸಿ ಹಾಕಿಸಬೇಕೆಂದಿದ್ದ ದಿಶಾ ಗೊಣಗಿದಳು. ಗೊಣಗಲಿ ಬಿಡಿ.

ಮರುದಿನ ಬೆಳಿಗ್ಗೆ ಲೋಕಲ್ ಹಿಡಿದು ಬದಲಾಪುರಕ್ಕೆ ಹೋದೆ. ಸ್ಟೇಷನ್ನಿನ ಸುತ್ತ ಬರೀ ಟವರುಗಳು. ರಿಕ್ಷಾದಲ್ಲಿ ಅವನ್ನೆಲ್ಲ ದಾಟಿದ ಮೇಲೆ ಆಗಸ್ಟಿನ ಭತ್ತ ಸಿಕ್ಕಿತು, ನೆಲವೇ ಕಾಣದಷ್ಟು ಒತ್ತಾಗಿ. ಬದುವಿನ ಮೇಲೆ ಕೊಡೆ ಬಿಡಿಸಿಕೊಂಡು ಕೂತೆ. ಕೊಕ್ಕರೆಗಳು ನನ್ನನ್ನು ಕ್ಯಾರೇ ಎನ್ನಲಿಲ್ಲ. ಗಾಳಿ ಬಂದಾಗ ಇಡೀ ಗದ್ದೆ ಒಮ್ಮೆ ಬೆಳ್ಳಗಾಗಿ ಮತ್ತೆ ಹಸಿರಾಗುತ್ತಿತ್ತು. ಆಸ್ಪತ್ರೆಯಲ್ಲಿ ಒಂದು ಹನಿ ಕಣ್ಣೀರು ಹಾಕದವಳು ಅಲ್ಲಿ ಕೂತು ಚೆನ್ನಾಗಿ ಅತ್ತೆ. ಅತ್ತಾದ ಮೇಲೆ ಹಸಿವಾಯಿತು. ಬುತ್ತಿ ಬಿಚ್ಚಿ ತಿಂದು ಬ್ರಶ್ ಹಿಡಿದಾಗ ಮನಸ್ಸು ಎಷ್ಟು ಹಗುರಾಗಿತ್ತೆಂದರೆ, ಇವರು ಮಾತಾಡೇ ಆಡುತ್ತಾರೆ ಎಂದು ನನಗೆ ಗಟ್ಟಿಯಾಗಿಬಿಟ್ಟಿತು. ಯಾಕೆ ಎಂದು ಕೇಳಬೇಡಿ. ಎಳೆ ಪೈರಿನೆದುರು ಒಂದು ಬೆಳಿಗ್ಗೆ ಕೂತು ನೋಡಿ.

ಆಮೇಲೆ ಗೋಡೆಯ ಕೆಲಸ. ಅಂಬಾದಾಸ ಇವರ ಮಂಚವನ್ನು ಹಾಲ್‌ಗೆ ಸಾಗಿಸಿದ. ಸ್ಟೂಲ್ ಹತ್ತಿ ಇಳಿದು ನನ್ನ ಮಂಡಿ ಹಿಡಿದುಕೊಂಡಿತು. ಚಿಗುರಿಗೊಂದು, ನೆರಳಿಗೊಂದು, ಗಾಳಿ ತಾಗಿದ ಎಲೆಗೊಂದು ಎಂದು ಬೇರೆಬೇರೆ ಹಸಿರು ಕಲಸಿ ಕಲಸಿ ಹಚ್ಚಿದೆ. ನಡುವೆ ಬದು, ದೂರದಲ್ಲಿ ತೆಂಗಿನಮರ, ಮೇಲೆ ಮೋಡ. ಮುಗಿದಾಗ ನನಗೇ ಹೆಮ್ಮೆಯಾಯಿತು. ದಿಶಾ ಕೂಡ ಎಸಿಯ ಸುದ್ದಿ ಎತ್ತಲಿಲ್ಲ.

ಬಣ್ಣದ ವಾಸನೆ ಹೋದ ಮೇಲೆ ಮಂಚವನ್ನು ಮತ್ತೆ ಒಳಗೆ ತಂದರು. ಇವರು ದಿಂಬಿಗೆ ಒರಗಿ ನೋಡಿದರು. ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸಿದರು. ಇವರ ಹುಬ್ಬು ಗಂಟಿಕ್ಕಿತು. ತುಟಿ ಏನನ್ನೋ ಹುಡುಕುವಂತೆ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು.

"ನೀರ್... ನೀರ್ ಓಲುಂಡು?"

ಅಂಬಾದಾಸ ಲೋಟ ತರಲು ಓಡಿದ. "ನಿಲ್ಲು" ಎಂದೆ. ನೀರೆಲ್ಲಿದೆ ಎಂದು ಇವರು ತುಳುವಿನಲ್ಲಿ ಕೇಳಿದ್ದರು. ಕೇಳಿದ್ದು ಕುಡಿಯುವುದಕ್ಕಲ್ಲ. ಎಡಗೈ ಎತ್ತಿ ಗೋಡೆ ತೋರಿಸುತ್ತಿದ್ದರು.

ನಿಜವೇ. ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಪೇಟೆಯಲ್ಲಿ. ಹಸಿರಿನ ಅಮಲಿನಲ್ಲಿ ಪೈರಿನ ಬುಡದಲ್ಲಿ ಏನಿರುತ್ತದೆಂದು ಬಗ್ಗಿ ನೋಡಿಯೇ ಇರಲಿಲ್ಲ. ನನ್ನ ಭತ್ತ ಒಣನೆಲದಲ್ಲಿ ನಿಂತಿತ್ತು. ಇಷ್ಟು ಕಷ್ಟಪಟ್ಟವಳಿಗೆ ಒಂದು ಶಹಬ್ಬಾಸ್ ಇಲ್ಲ, ಮೊದಲ ವಾಕ್ಯವೇ ತಕರಾರು. ನನಗೆ ಆ ತಕರಾರಿನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಆಗಲೇ ಬಣ್ಣದ ಪೆಟ್ಟಿಗೆ ಎಳೆದುಕೊಂಡೆ. ಟ್ಯೂಬಿನ ಮುಚ್ಚಳವನ್ನು ದಿಶಾ ತೆರೆದುಕೊಟ್ಟಳು.

ನೆಲದ ಮೇಲೆ ಕೂತು ಪೈರಿನ ಸಂದಿಯಲ್ಲಿ ನೀರು ಬರೆದೆ, ಅದರಲ್ಲಿ ಮೋಡದ ಬಿಳಿಯನ್ನೂ ಸೇರಿಸಿದೆ. ತಿರುಗಿ ನೋಡಿದರೆ ಇವರ ಹುಬ್ಬಿನ ಗಂಟು ಇನ್ನೂ ಸಡಿಲವಾಗಿರಲಿಲ್ಲ. ಬೆರಳು ಬದುವಿನ ಕಡೆಗಿತ್ತು.

"ಪುಣಿ..." ಎಂದರು. ಗದ್ದೆಯ ಬದು.

"ಅದಕ್ಕೇನಾಗಿದೆ?"

ಇವರು ಉಗುಳು ನುಂಗಿ, ಮಾತು ಕೂಡಿಸಿಕೊಳ್ಳಲು ಹೊರಟರು. ನಾನು ಬ್ರಶ್ ತೊಳೆದು ಕಾದು ಕೂತೆ.