ರಂಗಮ್ಮಜ್ಜಿಯ ಗಂಡನ ಹೆಸರು

ಕೊಡ್ಲಿಪೇಟೆಯ ಜವರಪ್ಪನಿಗೆ ಮಹಾಲಯ ಅಮಾವಾಸ್ಯೆ ಬಂತೆಂದರೆ ಮುಜುಗರ. ಹಿರಿಯರಿಗೆ ಎಡೆ ಇಟ್ಟು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು. ಅಪ್ಪ, ಅವ್ವ, ರಂಗಮ್ಮಜ್ಜಿ ಎಲ್ಲರಿಗೂ ಹೆಸರಿದೆ. ಅಜ್ಜನಿಗೆ ಮಾತ್ರ ಇಲ್ಲ. ಎಲ್ಲಿಂದಲೋ ಮನೆ ಅಳಿಯನಾಗಿ ಬಂದ ಆ ಪುಣ್ಯಾತ್ಮ, ಮಗ ಹುಟ್ಟುವ ಮೊದಲೇ ಸುಂಟಿಕೊಪ್ಪದ ಎಸ್ಟೇಟಿನಲ್ಲಿ ಜ್ವರ ಬಂದು ತೀರಿಕೊಂಡ. ಅಜ್ಜಿಯೋ, ಗಂಡನ ಹೆಸರು ಹೇಳಬಾರದೆಂದು ಸಾಯುವ ತನಕ ತುಟಿ ಬಿಚ್ಚಲಿಲ್ಲ. "ಅಜ್ಜಾ, ನೀನೂ ಬಾ" ಎಂದು ದಾರಿಹೋಕನನ್ನು ಕರೆದಂತೆ ಕರೆದು ಕರೆದು ಜವರಪ್ಪನಿಗೆ ಬೇಸರ ಬಂದಿತ್ತು. ಈ ವರ್ಷ ಹೆಸರು ಹಿಡಿದೇ ಕರೆಯುತ್ತೇನೆಂದು ಹಟ ತೊಟ್ಟ.

ಮಗಳು ವಿನುತಾ ಹಳೆಯ ಪಟೇಲರ ಮನೆಯ ಪೆಟ್ಟಿಗೆ ಜಾಲಾಡಿ, 1931ರ ಜನಗಣತಿ ಪಟ್ಟಿಯ ಒಂದು ಪ್ರತಿಯನ್ನು ಹುಡುಕಿ ತಂದಳು. ಅದರಲ್ಲಿತ್ತು: "ರಂಗಮ್ಮ. ಗಂಡ, ಕೆಳಗಿನ ಮನೆ ಬೋಜ."

ಜವರಪ್ಪನ ಎದೆ ಧಸಕ್ಕೆಂದಿತು. ಕೆಳಗಿನ ಮನೆ ಬೋಜ ಎಂದರೆ ಪಕ್ಕದ ಚಿದಾನಂದನ ಅಜ್ಜ; ಹೆಂಡತಿ, ಆರು ಮಕ್ಕಳೊಂದಿಗೆ ಸಂಸಾರ ಮಾಡಿದ ಮನುಷ್ಯ. ಸುದ್ದಿ ಚಿದಾನಂದನಿಗೂ ಮುಟ್ಟಿತು. "ನೋಡೇಬಿಡಾನ ಬಾ" ಎಂದ. ಇಬ್ಬರೂ ಡಿಎನ್‌ಎ ಪರೀಕ್ಷೆಯ ಕೊಳವೆಗೆ ಉಗುಳಿದರು. ಇಷ್ಟು ವರ್ಷದ ಬೇಲಿ ಜಗಳದಲ್ಲಿ ಒಬ್ಬರ ಮೇಲೊಬ್ಬರು ಉಗುಳದೆ ಉಳಿಸಿಕೊಂಡದ್ದು ಕೊನೆಗೂ ಉಪಯೋಗಕ್ಕೆ ಬಂತು.

ಫಲಿತಾಂಶ ಬಂತು: ರಕ್ತಸಂಬಂಧವೇ ಇಲ್ಲ. ಚಿದಾನಂದ ನಿರಾಳವಾಗಿ ಉಸಿರು ಬಿಟ್ಟ. ಜವರಪ್ಪ ಸಪ್ಪಗಾದ. ಅಜ್ಜಿಯ ಮಾನವೇನೋ ಉಳಿಯಿತು, ಅಜ್ಜನ ಹೆಸರು ಮತ್ತೆ ಕೈತಪ್ಪಿತು.

"ಹಂಗಾದ್ರೆ ಬೋಜ ಅಂತ ಯಾಕೆ ಬರ್ಕೊಂಡ?" ಎಂದು ತಲೆ ಕೆರೆದುಕೊಂಡ.

ಕಜ್ಜಾಯ ತಟ್ಟುತ್ತಿದ್ದ ಹೆಂಡತಿ ಸುಮಿತ್ರಮ್ಮ ನಕ್ಕಳು. "ಇನ್ನೇನ್ರೀ? ಗಣತಿಯವ್ನು ಗಂಡನ ಹೆಸ್ರು ಕೇಳಿರ್ತಾನೆ. ಅಜ್ಜಿ, ಗದ್ದೆ ಬದೀಲಿ ಹೋಗ್ತಿದ್ದ ಬೋಜನ್ನ ತೋರ್ಸಿ, ಅವ್ರ ಹೆಸ್ರೇ ನಮ್ಮನೆಯವ್ರದ್ದೂ ಅಂದಿರ್ತಾರೆ. ಅವ್ನು ಆ ಮನುಷ್ಯನ್ನೇ ಬರ್ಕೊಂಡು ಹೋಗವ್ನೆ. ನಮ್ಮನೆಗೆ ಗಣತಿಯವ್ರು ಬಂದಾಗ ನಾನೂ ಹಂಗೇ ಹಾಲಿನ ಜವರಪ್ಪನ್ನ ತೋರ್ಸಿದ್ದೆ."

"ಅಯ್ಯೋ, ನನ್ನ ಬದ್ಲು ಹಾಲಿನವನ್ನ ಬರ್ಕೊಂಡ್ರಾ?"

"ಯಾರಿಗ್ಗೊತ್ತು!"

ಅಮಾವಾಸ್ಯೆಯ ದಿನ ಜವರಪ್ಪ ಎಡೆಯ ಮುಂದೆ ನಿಂತು "ಬೋಜಜ್ಜಾ, ಬಾ" ಎಂದ. ಎಡೆಗೆ ಇನ್ನೊಂದು ಕಜ್ಜಾಯ ಬಡಿಸಿದ. ಸಂತೋಷ ಅಷ್ಟಿತ್ತು. ಆಮೇಲೆ ಹೆಂಡತಿಯತ್ತ ತಿರುಗಿದ.

"ನೀನೂ ಒಂದ್ಸಲ ನನ್ನ ಹೆಸ್ರು ಹೇಳ್ಬಿಡೇ. ಮುಂದೆ ಮೊಮ್ಮಕ್ಕಳು ಕೊಳವೆ ಹಿಡ್ಕೊಂಡು ಹಾಲಿನವನ ಮನೆಗೆ ಹೋದಾರು."

"ಹೋಗ್ರೀ!" ಎಂದು ಸುಮಿತ್ರಮ್ಮ ಒಳಗೆ ಹೋಗಿಬಿಟ್ಟಳು. ಜವರಪ್ಪ ಜಗಲಿಯ ಮೇಲೆ ಕೂತ. ಎಲೆ ಹಾಕುವ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಬಾಗಿಲ ಹಿಂದಿನಿಂದ ಸಣ್ಣ ದನಿ ಬಂತು.

"ಜವರಪ್ಪನೋರೇ, ಊಟಕ್ಕೆ ಏಳಿ."

ನಲವತ್ತು ವರ್ಷದಲ್ಲಿ ಮೊದಲ ಸಲ. ಜವರಪ್ಪ ಏಳಲಿಲ್ಲ. ಇನ್ನೊಂದು ಸಲ ಕರೆಯಲಿ ಎಂದು ಕೂತೇ ಇದ್ದ.